ಯಂತ್ರದೊಳಗಣ ಯಂತ್ರಕ್ಕೆ ರೋಗ ಬಂದರೆ

ಚಾಂಪಿಯನ್ ರೀಫ್ಸಿನಲ್ಲಿ ನಮ್ಮ ಮನೆಗೆ ಎರಡು ಬೀದಿಗಳಾಚೆ ವಾಸವಾಗಿರುವ ಗೃಹಿಣಿಯೊಬ್ಬರು ಕಳೆದ ತಿಂಗಳು ಒಂದು ದಿನ ಪ್ರಾತಃಕಾಲದಲ್ಲಿಯೆ ನಮ್ಮಲ್ಲಿಗೆ ಬಂದರು. "ಮೇಷ್ಟ್ರೆ, ನನ್ನ ಮಗ ರಿಪೇರಿ ಮಾಡುವ ಯಂತ್ರ ನಿಜವಾಗಿ ಇಲ್ಲವೇ ಇಲ್ಲವಂತೆ. ಇಲ್ಲದ ಯಂತ್ರ ನಿಂತುಹೋಯಿತೆಂದು ಮೇಲಿನವರು ಅವನನ್ನು ಬೈದರಂತೆ. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ನಿಮ್ಮ ಹತ್ತಿರ ಓದಿದವನು, ನೀವೇ ಒಂದು ಮಾತು ಕೇಳಿ" ಎಂದು ಹೇಳುತ್ತ ಕಣ್ಣೊರಸಿಕೊಂಡರು.

ಈ ಊರಿನ ಕಥೆಯನ್ನು ಬಲ್ಲವರಿಗೆ ಆ ತಾಯಿಯ ಭೀತಿಯು ಅಲ್ಪವೆಂದು ತೋರಲಾರದು. ಆಕೆಯ ಯಜಮಾನರು ಗಣಿಯಲ್ಲಿ ವೈಂಡಿಂಗ್ ಎಂಜಿನಿನ ಚಾಲಕರಾಗಿದ್ದವರು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಚಿನ್ನದ ಗಣಿಗಳು ಮುಚ್ಚಿದುವು. ಆ ತರುವಾಯ ಇಲ್ಲಿಯ ಸಾವಿರಾರು ಮನೆಗಳ ಅನ್ನವು ರೈಲುಗಾಡಿಯನ್ನು ನಂಬಿಕೊಂಡಿದೆ. ಮಾರಿಕುಪ್ಪದಲ್ಲಿ ಹೊರಟ ಗಾಡಿಯು ಚಾಂಪಿಯನ್, ಉರಿಗಾಂ, ಕೋರಮಂಡಲಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವುದು. ಸಾಯಂಕಾಲ ಅದೇ ಜನರನ್ನು ತಂದು ಇಳಿಸುವುದು. ಒಂದು ಸಲ ಸಂಬಳವು ನಿಂತುದನ್ನು ಕಂಡ ಮನೆಯವರು ಮಗನ ಮುಖ ಬಾಡಿದೊಡನೆಯೆ ನಡುಗುವುದರಲ್ಲಿ ಆಶ್ಚರ್ಯವೇನು? ಭಾನುವಾರದಂದು ಹುಡುಗನನ್ನು ನಮ್ಮ ಜಗಲಿಗೆ ಕರೆಯಿಸಿ ಕುಳ್ಳಿರಿಸಿಕೊಂಡೆವು. ಅವನಿಂದ ನಾವು ಅರಿತುದನ್ನು, ಇಂತಹ ಮಕ್ಕಳುಳ್ಳ ಇತರ ಮನೆಯವರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ. ಯಂತ್ರಶಾಸ್ತ್ರವು ನಮ್ಮ ವಿಷಯವಲ್ಲ. ಅಭಿಜ್ಞರು ತಪ್ಪಿದ್ದಲ್ಲಿ ಮನ್ನಿಸಬೇಕು.

ಮೈನ್‌ಫ್ರೇಮ್ ಎಂಬುದು ಬ್ಯಾಂಕುಗಳೂ ವಿಮಾಸಂಸ್ಥೆಗಳೂ ಹಗಲಿರುಳೂ ನಡೆಯಿಸುವ ಮಹಾಯಂತ್ರ. ಗಾತ್ರದಲ್ಲಿ ನಮ್ಮ ಮನೆಗಳ ದೊಡ್ಡ ಬೀರುವನ್ನು ಹೋಲುವುದು. ಐಬಿಎಂ ಸಂಸ್ಥೆಯವರು ೧೯೬೪ನೆಯ ಇಸವಿ ಏಪ್ರಿಲ್ ೭ರಂದು ಪ್ರಕಟಿಸಿದ ಸಿಸ್ಟಂ/೩೬೦ ಎಂಬುದೇ ಇಂದಿನ ಈ ಯಂತ್ರಗಳ ಮೂಲಪುರುಷ. ಇಂತಹ ಯಂತ್ರವನ್ನು ಒಬ್ಬನಿಗಾಗಿ ಒಂದೊಂದರಂತೆ ಕೊಳ್ಳುವುದು ಯಾರಿಂದ ಸಾಧ್ಯ? ಆದುದರಿಂದ ಅಮೆರಿಕಾ ದೇಶದ ಕೇಂಬ್ರಿಜ್ ನಗರದಲ್ಲಿದ್ದ ಆ ಸಂಸ್ಥೆಯ ವಿಜ್ಞಾನಿಗಳು ೧೯೬೦ರ ದಶಕದಲ್ಲಿ ಒಂದು ಉಪಾಯವನ್ನು ಕಂಡುಹಿಡಿದರು. ಒಂದೇ ಯಂತ್ರವು ತನ್ನನ್ನು ಹಲವು ಯಂತ್ರಗಳಾಗಿ ತೋರಿಸಿಕೊಳ್ಳುವಂತೆ ಮಾಡಿದರು. ೧೯೭೨ರಲ್ಲಿ ಇದು ವಿಎಂ/೩೭೦ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಈಗ ಅದರ ಸಂತತಿಗೆ ಝಡ್‌ವಿಎಂ ಎಂದು ಹೆಸರು. ಹೀಗೆ ತೋರುವ ಒಂದೊಂದು ಯಂತ್ರಕ್ಕೂ ವರ್ಚುಯಲ್ ಮೆಷೀನ್ ಎಂದೂ, ಬಳಕೆಯ ಮಾತಿನಲ್ಲಿ ಅತಿಥಿಯೆಂದೂ ಕರೆಯುವರು.

ವೇದಾಂತವನ್ನು ಸ್ವಲ್ಪ ಕೇಳಿದವರಿಗೆ ಇದು ಹೊಸದಲ್ಲ. ಆಕಾಶವು ಒಂದೇ; ಗಡಿಗೆಯೊಳಗಿರುವಾಗ ಅದು ಘಟಾಕಾಶ, ಮಠದೊಳಗಿರುವಾಗ ಮಠಾಕಾಶ. ಅತಿಥಿಯಂತ್ರವೂ ಹಾಗೆಯೆ ತನಗೆ ಬೇರೆ ನೆನಪು, ಬೇರೆ ಡಿಸ್ಕು, ಬೇರೆ ಕಾಲ ಉಂಟೆಂದು ಭ್ರಮಿಸುತ್ತ ನಡೆಯುವುದು. ಆದರೆ ದೃಷ್ಟಾಂತವು ಸರ್ವಾಂಶದಲ್ಲಿಯೂ ಒಪ್ಪದು. ಒಂದು ಗಡಿಗೆಯ ಆಕಾಶವು ಪಕ್ಕದ ಗಡಿಗೆಯದನ್ನು ಕಿತ್ತುಕೊಳ್ಳುವುದಿಲ್ಲ. ಈ ಅತಿಥಿಗಳಾದರೋ ಕಿತ್ತುಕೊಳ್ಳುವರು. ರೋಗಗಳು ಹುಟ್ಟುವುದು ಅಲ್ಲಿಯೆ.

ಲಿನಕ್ಸ್ ಎಂಬುದು ೧೯೯೧ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ತನ್ನ ಮೇಜಿನ ಮೇಲಣ ಸಣ್ಣ ಯಂತ್ರಕ್ಕಾಗಿ ಬರೆಯತೊಡಗಿದ ವ್ಯವಸ್ಥೆ. ಯಾರು ಬೇಕಾದರೂ ಅದನ್ನು ತೆಗೆದುಕೊಳ್ಳಬಹುದು, ತಿದ್ದಬಹುದು. ೧೯೯೯ರ ಡಿಸೆಂಬರಿನಲ್ಲಿ ಐಬಿಎಂನವರು ತಮ್ಮ ಮಹಾಯಂತ್ರದ ಮೇಲೆ ಅದು ನಡೆಯುವಂತೆ ಮಾಡಿದ ತಿದ್ದುಪಾಟುಗಳನ್ನು ಪ್ರಕಟಿಸಿದರು. ಆದರೆ ಒಂಟಿ ಮನೆಯಲ್ಲಿ ಬೆಳೆದ ಮಗುವಿಗೆ ಅವಿಭಕ್ತ ಕುಟುಂಬದ ನಡೆ ಒಡನೆ ತಿಳಿಯುವುದೆ? ಇಡೀ ಯಂತ್ರವೇ ತನ್ನದೆಂಬ ಅಭ್ಯಾಸವನ್ನು ಲಿನಕ್ಸ್ ತನ್ನೊಡನೆಯೆ ತಂದಿತು.

ನೆನಪಿನ ವಿಷಯವನ್ನೇ ನೋಡೋಣ. ಬರಿದಾಗಿರುವ ನೆನಪು ವ್ಯರ್ಥವೆಂದು ಲಿನಕ್ಸಿನ ಮತ. ಕೊಟ್ಟಷ್ಟನ್ನೂ ಮುಂದೆ ಬೇಕಾದೀತೆಂದು ಕಡತಗಳಿಂದ ತುಂಬಿಸಿಕೊಳ್ಳುವುದು. ಒಂಟಿ ಯಂತ್ರದಲ್ಲಿ ಇದು ಜಾಣತನವೇ ಸರಿ. ಆದರೆ ನೂರು ಅತಿಥಿಗಳಿರುವ ಮನೆಯಲ್ಲಿ? ಹತ್ತು ಮಂದಿ ಸೊಸೆಯಂದಿರೂ ತಮ್ಮ ತಮ್ಮ ಕೋಣೆಯಲ್ಲಿ ಒಂದೊಂದು ಮೂಟೆ ಅಕ್ಕಿಯನ್ನು ಬಚ್ಚಿಟ್ಟರೆ ಉಗ್ರಾಣವು ಬರಿದಾಗದೆ ಉಂಟೆ? ಆಗ ಯಜಮಾನನಾದ ನಿಯಂತ್ರಕವು, ಅಂದರೆ ಝಡ್‌ವಿಎಂನ ಹೃದಯಭಾಗವು, ಒಬ್ಬರ ಅಕ್ಕಿಯನ್ನು ಹಿತ್ತಿಲಿಗೆ ಹಾಕಿ ಇನ್ನೊಬ್ಬರಿಗೆ ಕೊಡುವುದು. ಮತ್ತೆ ತರುವುದು, ಮತ್ತೆ ಹಾಕುವುದು. ಹಿತ್ತಿಲೆಂದರೆ ಡಿಸ್ಕು, ಅದು ನೆನಪಿಗಿಂತ ಎಷ್ಟೋ ಮಂದಗತಿಯದು. ಇತ್ತ ಅತಿಥಿಯೂ ತನ್ನೊಳಗೆ ಅದೇ ಕೆಲಸವನ್ನು ಬೇರೆಯಾಗಿ ನಡೆಯಿಸುತ್ತಿರುವುದು. ಒಂದೇ ಮೂಟೆಯನ್ನು ಇಬ್ಬರು ಎರಡು ಸಲ ಹೊರುವರು. ಕಾರ್ಯವು ಮಂದವಾಯಿತೆಂದು ಸಾಮಾನ್ಯರು ಇನ್ನಷ್ಟು ನೆನಪನ್ನು ಕೊಡುವರು, ರೋಗವು ಹೆಚ್ಚುವುದು! ಬಲ್ಲವರು ಅತಿಥಿಯ ನೆನಪನ್ನು ಕಡಮೆ ಮಾಡುವರು. ಉಪವಾಸವೇ ಔಷಧವೆಂಬ ಈ ಮಾತನ್ನು ಹಣ ಕೊಟ್ಟು ಯಂತ್ರವನ್ನು ಬಾಡಿಗೆಗೆ ಪಡೆದ ಯಜಮಾನನಿಗೆ ತಿಳಿಯಹೇಳುವುದು ತನಗೆ ಇಂದಿಗೂ ಬಹು ಕಷ್ಟವೆಂದು ನಮ್ಮ ಶಿಷ್ಯನು ಹೇಳಿದನು.

ನಾಡಿಯ ವಿಷಯವೂ ಹಾಗೆಯೆ. ಹಿಂದಿನ ಲಿನಕ್ಸ್ ಕೆಲಸವಿರಲಿ ಇಲ್ಲದಿರಲಿ, ಸೆಕೆಂಡಿಗೆ ೧೦೦ ಬಾರಿ ಎಚ್ಚತ್ತು ಗಡಿಯಾರವನ್ನು ನೋಡಿಕೊಳ್ಳುತ್ತಿದ್ದಿತು. ಅಂತಹ ಸಾವಿರ ಅತಿಥಿಗಳು ಸುಮ್ಮನೆ ಮಲಗಿದ್ದರೂ ಸೆಕೆಂಡಿಗೆ ಒಂದು ಲಕ್ಷ ಬಾರಿ ಎಬ್ಬಿಸಬೇಕು. ಯಾರೂ ದುಡಿಯದೆ ಯಂತ್ರವು ದಣಿಯುತ್ತಿದ್ದಿತು. ಕೆಲಸವಿಲ್ಲದಾಗ ಈ ಮಿಡಿತವನ್ನು ನಿಲ್ಲಿಸುವ ಕ್ರಮವು ತರುವಾಯ ಬಂದಿತು.

ಕಾಲಗಣನೆಯಲ್ಲಿ ಇನ್ನೂ ವಿಚಿತ್ರವಾದುದೊಂದುಂಟು. ಗಣಿಯ ಪಂಜರದಲ್ಲಿ ಕುಳಿತು ಇಳಿಯುವವನು ಕಣ್ಣುಮುಚ್ಚಿ ನಿದ್ರಿಸಿದನೆನ್ನಿ. ಪಂಜರವು ನಡುವೆ ಅರ್ಧ ಗಂಟೆ ನಿಂತಿದ್ದರೂ ಅವನು ಇಳಿಯುವುದಕ್ಕೇ ಅಷ್ಟು ಹೊತ್ತು ಹಿಡಿಯಿತೆನ್ನುವನು. ಅತಿಥಿಯನ್ನು ಬದಿಗಿಟ್ಟು ನಿಯಂತ್ರಕವು ಬೇರೊಬ್ಬನ ಕೆಲಸ ಮಾಡಿದಾಗ, ಹಿಂದೆ ಲಿನಕ್ಸ್ ಆ ಹೊತ್ತನ್ನೂ ತಾನೇ ದುಡಿದೆನೆಂದು ಲೆಕ್ಕ ಬರೆಯುತ್ತಿದ್ದಿತು. ೨೦೦೫ರ ಸುಮಾರಿನಿಂದ ಇದಕ್ಕೆ ಲೆಕ್ಕದ ಪಟ್ಟಿಯಲ್ಲಿ ಒಂದು ಬೇರೆ ಕಲಮು ಬಂದಿದೆ. ಅದರ ಹೆಸರು 'ಸ್ಟೀಲ್', ಅಂದರೆ ಕಳವು. ಕಳವಿನ ಅಂಕಿಯು ಹೆಚ್ಚಿದ್ದರೆ ಅತಿಥಿಯೊಳಗೆ ಎಷ್ಟು ಹುಡುಕಿದರೂ ರೋಗವು ದೊರೆಯದು, ಅತಿಥೇಯನನ್ನು ಕೇಳಬೇಕು.

ಈ ಮಾತು ನಮ್ಮ ಊರಿನವರಿಗೆ ಅರ್ಥವಾಗದೆ ಹೋಗದು. ೧೯೦೨ರಿಂದ ನಮ್ಮ ಗಣಿಗಳಿಗೆ ವಿದ್ಯುತ್ತು ಬಂದುದು ಸುಮಾರು ೧೪೭ ಕಿಲೋಮೀಟರು ದೂರದ ಶಿವನಸಮುದ್ರದಿಂದ. ಇಲ್ಲಿ ದೀಪವು ಆರಿದರೆ ದೋಷವು ಇಲ್ಲಿಯೇ ಇರಬೇಕೆಂಬ ನಿಯಮವಿರಲಿಲ್ಲ. ವೈದ್ಯಶಾಸ್ತ್ರದಲ್ಲಿ ರೋಗದ ಕಾರಣವನ್ನು ಅರಿಯುವುದಕ್ಕೆ ನಿದಾನವೆಂದು ಹೆಸರು. ಕನ್ನಡದಲ್ಲಿ ಒಂದು ಮಹಾಪ್ರಾಣವನ್ನು ಸೇರಿಸಿದರೆ ಅದು ನಿಧಾನವಾಗುವುದು. ಹಿಂದೆ ನಮ್ಮ ವಿದ್ಯಾರ್ಥಿಗಳು ಈ ಎರಡನ್ನೂ ಬೆರೆಸಿ ಬರೆದಾಗ ನಾವು ಕೆಂಪು ಶಾಯಿಯಿಂದ ಗೀಟು ಹಾಕುತ್ತಿದ್ದೆವು. ಈಗ ಅಷ್ಟು ಕಠಿನವಾಗಿರಬೇಕಾಗಿರಲಿಲ್ಲವೆಂದು ತೋರುತ್ತದೆ.

ಇನ್ನು ಆ ರಾತ್ರಿಯ ಸಂಗತಿ. ಸಂಸ್ಥೆಯ ಹೆಸರು ನಮಗೆ ಬೇಡ. ಅಲ್ಲಿಯ ಒಂದು ಅತಿಥಿಯಂತ್ರವು ಜನರ ನಿವೃತ್ತಿವೇತನದ ಲೆಕ್ಕವನ್ನು ನೋಡುವುದು. ಬೆಳಗಾಗುವುದರೊಳಗಾಗಿ ಆ ತಿಂಗಳ ಪಟ್ಟಿಯು ಮುಗಿಯಬೇಕು. ನಡುರಾತ್ರಿಯಲ್ಲಿ ಅದು ಮಂದವಾಗಿದೆಯೆಂದು ದೂರು ಬಂದಿತು. ಹುಡುಗನು ಜಾಗರೂಕನಾಗಿಯೆ, ಅದರ ಮೂಲ ತೆರೆಯಲ್ಲಿ ಏನಾದರೂ ಸಂದೇಶವಿದೆಯೋ ಎಂದು ನೋಡಲು ಆ ಅತಿಥಿಯ ಹೆಸರಿನಲ್ಲಿ ನಿಯಂತ್ರಕದ ಬಾಗಿಲಿನಿಂದ ಒಳಹೊಕ್ಕನು. ದೋಷಸಂದೇಶವೊಂದೂ ಇರಲಿಲ್ಲ. ತೆರೆಯನ್ನು ಹಾಗೆಯೆ ಬಿಟ್ಟು ನೆರೆಯ ಅತಿಥಿಗಳ ನೆನಪಿನ ಲೆಕ್ಕವನ್ನು ನೋಡತೊಡಗಿದನು. ಕೆಲವು ನಿಮಿಷಗಳಲ್ಲಿ ದೂರು ಮತ್ತೆ ಬಂದಿತು: ಈಗ ಮಂದವಲ್ಲ, ಪೂರ್ತಿಯಾಗಿ ನಿಂತಿದೆ. ಜಾಲದ ಮೂಲಕ ಕರೆದು ನೋಡಿದನು, ಉತ್ತರವಿಲ್ಲ. ಲಿನಕ್ಸ್ ಸತ್ತಿತೆಂದೇ ಅವನು ತಿಳಿದನು. ಬಲವಂತವಾಗಿ ಅದನ್ನು ಮೊದಲಿನಿಂದ ಎಬ್ಬಿಸುವ ಆಜ್ಞೆಯನ್ನು ಬರೆದು, ಗುಂಡಿಯ ಮೇಲೆ ಬೆರಳಿಟ್ಟನು.

ಇಲ್ಲಿ ಒಂದು ಮಾತು. ಹಾಗೆ ಎಬ್ಬಿಸಿದರೆ ನೆನಪಿನಲ್ಲಿದ್ದುದೆಲ್ಲವೂ ಅಳಿದುಹೋಗುವುದು, ಅರ್ಧ ಬರೆದ ಲೆಕ್ಕವನ್ನು ಮತ್ತೆ ಸರಿಪಡಿಸಿಕೊಳ್ಳಬೇಕಾಗುವುದು, ರೋಗದ ಕುರುಹೂ ಉಳಿಯದು. ಆದಕಾರಣ ನಿಜವಾಗಿ ಸತ್ತ ಅತಿಥಿಯ ನೆನಪನ್ನು ಮೊದಲು ಡಿಸ್ಕಿಗೆ ಇಳಿಸಿಕೊಂಡು, ಅನಂತರ ಎಬ್ಬಿಸತಕ್ಕದ್ದು. ಇದಕ್ಕೆ ಹೊತ್ತು ಹಿಡಿಯುವುದು, ಕಾಯುವವರು ಬೈಯುವರು. ಬೈಗುಳಕ್ಕೆ ಅಂಜಿ ಒಡನೆಯೆ ಎಬ್ಬಿಸಿದವರಿಗೆ ಅದೇ ರೋಗವು ಮುಂದಿನ ವಾರ ಅದೇ ಹೊತ್ತಿಗೆ ಬರುವುದಂತೆ.

ಬೆರಳು ಇಳಿಯುವುದಕ್ಕೆ ಮೊದಲು ಪಕ್ಕದಲ್ಲಿದ್ದ ಹಿರಿಯರೊಬ್ಬರು, "ತೆರೆಯ ಬಲಗಡೆಯ ಕೆಳಮೂಲೆಯಲ್ಲಿ ಏನು ಬರೆದಿದೆ?" ಎಂದು ಕೇಳಿದರು. ಅಲ್ಲಿ 'ಸಿಪಿ ರೀಡ್' ಎಂದಿದ್ದಿತು. ಹುಡುಗನು ಆ ಮೂಲೆಯನ್ನು ನೋಡಿಯೇ ಇರಲಿಲ್ಲ. ನಿಯಂತ್ರಕವು ಅಪ್ಪಣೆಗಾಗಿ ಕಾದಿದೆಯೆಂದು ಅದರ ಅರ್ಥ. ಅತಿಥಿಯ ತೆರೆಗೆ ಈ ಬಾಗಿಲಿನಿಂದ ಮತ್ತೆ ಬಂದವನ ಮಾತನ್ನು ಕೇಳಲೆಂದು, ಬೇರೆ ಏರ್ಪಾಡು ಇಲ್ಲದಿದ್ದಲ್ಲಿ, ನಿಯಂತ್ರಕವು ಆ ಅತಿಥಿಯನ್ನು ಇದ್ದಲ್ಲಿಯೆ ನಿಲ್ಲಿಸುವುದು. ಲಿನಕ್ಸ್ ಸತ್ತಿರಲಿಲ್ಲ. ಅದಕ್ಕೆ ರೋಗವೂ ಇರಲಿಲ್ಲ. ಅದನ್ನು ನೋಡಲು ಹೋದವನೇ ಅದನ್ನು ನಿಲ್ಲಿಸಿದ್ದನು! ತೆರೆಯ ಸಂಬಂಧವೂ ಕಡಿದು ಆ ಸ್ಥಿತಿಯಲ್ಲಿಯೆ ಉಳಿದಿದ್ದರೆ, ೧೫ ನಿಮಿಷಗಳ ತರುವಾಯ ನಿಯಂತ್ರಕವು ಅತಿಥಿಯನ್ನು ಹೊರಕ್ಕೆ ದಬ್ಬುವುದು ಅಲ್ಲಿಯ ರೂಢಿ. ಹಿರಿಯರು ಬರೆಯಿಸಿದುದು ಒಂದೇ ಅಕ್ಷರ, 'ಬಿ'. ಬಿಗಿನ್, ಎಂದರೆ ಮುಂದುವರಿಯೆಂಬುದರ ಸಂಕ್ಷೇಪ. ಅತಿಥಿಯು ನಿಂತ ಪದದಿಂದಲೇ ಮುಂದಿನ ಪದವನ್ನು ಬರೆಯತೊಡಗಿತು. ಮೊದಲಿನ ಮಂದತೆಗೆ ಕಾರಣವು ನೆರೆಯ ಅತಿಥಿಯೊಂದಕ್ಕೆ ಹಿಂದಿನ ದಿನ ಯಾರೋ ಕೊಟ್ಟಿದ್ದ ಅತಿಯಾದ ನೆನಪೆಂದು ಬೆಳಗಿನ ಜಾವದಲ್ಲಿ ತಿಳಿಯಿತು.

ಪಟ್ಟಿಯು ಮುಗಿಯಿತು, ಆದರೂ ನಿಂತ ಹೊತ್ತಿಗೆ ಉತ್ತರ ಕೊಡಬೇಕಾಗಿದ್ದಿತು. ಹುಡುಗನು ವರದಿಯಲ್ಲಿ, ನಿಲ್ಲಿಸಿದವನು ತಾನೇ ಎಂದು ಬರೆದನು. ಬರೆಯದಿದ್ದರೆ ಯಂತ್ರದ ದೋಷವೆಂದೇ ಎಲ್ಲರೂ ನಂಬುತ್ತಿದ್ದರು. ಬೈಗುಳವು ಬಂದುದು ಅದಕ್ಕಾಗಿ. ಇದನ್ನು ಕೇಳಿದಾಗ ನಮಗಾದ ಸಂತೋಷವನ್ನು ಅವನಿಗೆ ತೋರಿಸಲಿಲ್ಲ. ಮೇಷ್ಟರ ಹಳೆಯ ಅಭ್ಯಾಸ.

ಅಷ್ಟರಲ್ಲಿ ಮಗನನ್ನು ಹುಡುಕಿಕೊಂಡು ತಂದೆಯೂ ಬಂದಿದ್ದರು. ಬಾಗಿಲಲ್ಲಿಯೆ ನಿಂತು ಕೊನೆಯ ಭಾಗವನ್ನೆಲ್ಲ ಕೇಳಿದ್ದರೆಂದು ತೋರುತ್ತದೆ. ಚಾಂಪಿಯನ್ ರೀಫ್ ಗಣಿಯು ೩,೦೦೦ ಮೀಟರಿಗೂ ಹೆಚ್ಚು ಆಳ. ಎಂಜಿನಿನ ಮನೆಯಲ್ಲಿ ಕುಳಿತ ಚಾಲಕನಿಗೆ ಪಂಜರವು ಕಾಣದು; ಆಳವನ್ನು ತೋರಿಸುವ ಮುಳ್ಳು, ಕೆಳಗಿನಿಂದ ಬರುವ ಗಂಟೆ, ಇವೆರಡೇ ಅವನ ಕಣ್ಣು.

"ನನ್ನ ಕಾಲದಲ್ಲಿಯೂ ಇದೇ" ಎಂದರು ಅವರು. "ನಿಲ್ಲಿಸು ಎಂದು ಗಂಟೆ ಬರುತ್ತಿತ್ತು, ನಿಲ್ಲಿಸುತ್ತಿದ್ದೆ. ಹೊರಡು ಎಂದು ಗಂಟೆ ಹೊಡೆಯುವವನು ಮಾತಿನಲ್ಲಿ ಮರೆತರೆ, ಒಳಗಿದ್ದವರು ಎಂಜಿನ್ ಕೆಟ್ಟಿತೆಂದು ಮೇಲೆ ನನ್ನನ್ನು ಶಪಿಸುತ್ತಿದ್ದರು. ನಾನು ಕೈ ಹಿಡಿಯ ಮೇಲಿಟ್ಟುಕೊಂಡು ಗಂಟೆಗೆ ಕಾಯುತ್ತಿದ್ದೆ."

ಹುಡುಗನು ತಂದೆಯನ್ನು ಸ್ವಲ್ಪ ಹೊತ್ತು ನೋಡಿದನು. ಈಗ ಎಲ್ಲ ಅತಿಥಿಗಳ ಆರಂಭಪತ್ರದಲ್ಲಿಯೂ 'ಸೆಟ್ ರನ್ ಆನ್' ಎಂಬ ಒಂದು ಸಾಲನ್ನು ತಾನೇ ಸೇರಿಸಿರುವುದಾಗಿಯೂ, ಇನ್ನು ಮುಂದೆ ಯಾರು ಬಂದು ನೋಡಿದರೂ ಅವು ನಿಲ್ಲದೆ ನಡೆಯುವುವೆಂದೂ ಹೇಳಿದನು.

ತಾಯಿಗೆ ಮಾತ್ರ ಗಡಿಗೆಯೂ ಆಕಾಶವೂ ಬೇಕಾಗಿರಲಿಲ್ಲ. ಮರುದಿನ ಅವರು ಹಿತ್ತಿಲ ನುಗ್ಗೆಕಾಯಿಗಳನ್ನು ತಂದಿಟ್ಟು, "ಕೆಲಸ ಹೋಗುವುದಿಲ್ಲವಷ್ಟೆ?" ಎಂದು ಕೇಳಿದರು. ಇಲ್ಲವೆಂದೆವು. ನಿನ್ನೆ ಸಂಜೆಯ ಪಾಳಿಗೆ ಹೊರಟವನು ಎರಡು ಮುದ್ದೆ ಉಂಡು ಹೋದನೆಂದು ಹೇಳಿ, ಗಾಡಿ ಬರುವ ಹೊತ್ತಾಯಿತೆಂದು ಅವಸರದಿಂದ ಸ್ಟೇಷನ್ನಿನ ಕಡೆಗೆ ನಡೆದರು.