ಟ್ರಯಥ್ಲಾನ್ ಕ್ಲಬ್ಬಿನ ವರ್ಷದ ಯೋಜನೆ

ಈಜು, ಸೈಕ್ಲಿಂಗ್ ಮತ್ತು ಓಟ ಈ ಮೂರನ್ನೂ ನಡುವೆ ಬಿಡುವಿಲ್ಲದೆ ಮುಗಿಸಬೇಕಾದ ಟ್ರಯಥ್ಲಾನ್, ಸ್ಪರ್ಧೆಯ ದಿನ ಒಬ್ಬೊಬ್ಬರೇ ಸೆಣಸುವ ಆಟವಾದರೂ, ಹುಟ್ಟಿದ್ದು ಕ್ಲಬ್ಬಿನ ಆಶ್ರಯದಲ್ಲಿ. 1974ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋ ಟ್ರ್ಯಾಕ್ ಕ್ಲಬ್ ತನ್ನೂರಿನ ಮಿಷನ್ ಬೇ ಎಂಬಲ್ಲಿ ನಡೆಸಿದ ಸ್ಪರ್ಧೆಯನ್ನು ಈ ಕ್ರೀಡೆಯ ಆಧುನಿಕ ರೂಪದ ಆರಂಭವೆಂದು ಗುರುತಿಸಲಾಗುತ್ತದೆ. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ 15 ಮಂದಿ ಹೊರಟು 12 ಮಂದಿ ಗುರಿ ಮುಟ್ಟಿದ ಐರನ್‌ಮ್ಯಾನ್ ಸ್ಪರ್ಧೆ ಅದರ ದೂರವನ್ನು ಬಹಳವಾಗಿ ಹಿಗ್ಗಿಸಿತು; 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕ್ಲಿಂಗ್, 10 ಕಿ.ಮೀ. ಓಟದ ರೂಪ ಪದಕದ ಸ್ಪರ್ಧೆಯಾಯಿತು. ಐರನ್‌ಮ್ಯಾನ್‌ನ ಅರ್ಧ ದೂರದ, ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕ್ಲಿಂಗ್ ಮತ್ತು 21.1 ಕಿ.ಮೀ. ಓಟದ ಸ್ಪರ್ಧೆ 2019ರ ಅಕ್ಟೋಬರ್‌ನಲ್ಲಿ ಗೋವಾಕ್ಕೆ ಬಂದ ಮೇಲೆ ಭಾರತದ ಹವ್ಯಾಸಿಗಳಿಗೆ ವರ್ಷವಿಡೀ ಕಣ್ಣಿಟ್ಟು ಕಾಯಬಹುದಾದ ಸ್ಪರ್ಧೆಯೊಂದು ಮನೆಯ ಹತ್ತಿರವೇ ದೊರೆತಂತಾಯಿತು.

ಬೆಂಗಳೂರಿನ ಕ್ಲಬ್ಬೊಂದು ಗೋವಾವನ್ನೇ ವರ್ಷದ ಮುಖ್ಯ ಗುರಿಯಾಗಿ ಇರಿಸಿಕೊಂಡಿದೆ ಎಂದಿಟ್ಟುಕೊಂಡರೆ, ಅದರ ಯೋಜನೆ ಒಬ್ಬ ಕ್ರೀಡಾಪಟುವಿನ ಯೋಜನೆಗಿಂತ ಬೇರೆಯೇ ಆಗಿರಬೇಕಾಗುತ್ತದೆ. ಸದಸ್ಯರಲ್ಲಿ ನೀರಿಗೆ ಹೊಸದಾಗಿ ಇಳಿದವರೂ ಇರುತ್ತಾರೆ, ಹಿಂದಿನ ವರ್ಷ ಆರು ಗಂಟೆಯೊಳಗೆ ಮುಗಿಸಿದವರೂ ಇರುತ್ತಾರೆ. ಬೆಳಗಿನ ಅಭ್ಯಾಸ ಮುಗಿಸಿ ಕಚೇರಿಗೆ ಓಡುವವರು, ಮಕ್ಕಳ ಪರೀಕ್ಷೆಯ ತಿಂಗಳಲ್ಲಿ ಕಾಣಿಸಿಕೊಳ್ಳದವರು ಎಲ್ಲರೂ ಒಂದೇ ವೇಳಾಪಟ್ಟಿಯಡಿ ಬರುತ್ತಾರೆ. ಆದ್ದರಿಂದ ಕ್ಲಬ್ಬಿನ ಮೊದಲ ಸಭೆ ತೀರ್ಮಾನಿಸಬೇಕಾದದ್ದು ಯಾವ ಯಾವ ಸ್ಪರ್ಧೆಗಳಿಗೆ ಹೋಗುವುದು ಎಂಬುದಕ್ಕಿಂತ ಹೆಚ್ಚಾಗಿ ಯಾವುವನ್ನು ಬಿಡುವುದು ಎಂಬುದನ್ನು.

ಇದಕ್ಕೆ ಅಮೆರಿಕದ ಕೋಚ್ ಜೋ ಫ್ರಿಯಲ್ ತಮ್ಮ ಪುಸ್ತಕಗಳ ಮೂಲಕ ಬಳಕೆಗೆ ತಂದ ವಿಂಗಡಣೆ ಉಪಯುಕ್ತವಾಗಿದೆ. ಯಾವ ಸ್ಪರ್ಧೆಗಾಗಿ ದೇಹವನ್ನು ಪೂರ್ಣವಾಗಿ ಸಜ್ಜುಗೊಳಿಸಲಾಗುತ್ತದೆಯೋ ಅದು 'ಎ'. ಕೆಲವು ದಿನ ಮಾತ್ರ ಅಭ್ಯಾಸ ತಗ್ಗಿಸಿ ಗಂಭೀರವಾಗಿ ಪಾಲ್ಗೊಳ್ಳುವಂಥದ್ದು 'ಬಿ'. ಅಭ್ಯಾಸದ ಭಾಗವೆಂದೇ ಭಾವಿಸಿ, ಹಿಂದಿನ ದಿನ ಬಿಡುವನ್ನೂ ತೆಗೆದುಕೊಳ್ಳದೆ ಓಡುವಂಥದ್ದು 'ಸಿ'. ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು 'ಎ' ಸ್ಪರ್ಧೆಗಳಿಗಿಂತ ಹೆಚ್ಚನ್ನು ಹವ್ಯಾಸಿಯ ದೇಹ ತಾಳುವುದಿಲ್ಲ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟ ಬೇಸಿಗೆಯಲ್ಲಿ ಬರುವುದರಿಂದ ಗೋವಾದ ಅಭ್ಯರ್ಥಿಗೆ ಒಳ್ಳೆಯ 'ಸಿ' ಸ್ಪರ್ಧೆಯಾಗಬಲ್ಲುದು; ಅದನ್ನೇ 'ಎ' ಎಂದುಕೊಂಡು ವೇಗದ ಹಿಂದೆ ಬಿದ್ದರೆ ದೀರ್ಘ ಸೈಕಲ್ ಸವಾರಿಗೆ ಮೀಸಲಿದ್ದ ವಾರಗಳು ಕೈತಪ್ಪುತ್ತವೆ.

ಗುರಿ ನಿರ್ಧಾರವಾದ ಬಳಿಕ ವರ್ಷವನ್ನು ಸ್ಪರ್ಧೆಯ ದಿನದಿಂದ ಹಿಮ್ಮುಖವಾಗಿ ಎಣಿಸಲಾಗುತ್ತದೆ. ಗೋವಾ ಸ್ಪರ್ಧೆಯ ದಿನಾಂಕ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳ ನಡುವೆ ಹಿಂದುಮುಂದಾಗುತ್ತ ಬಂದಿರುವುದರಿಂದ ತಿಂಗಳ ಲೆಕ್ಕಕ್ಕಿಂತ ವಾರದ ಲೆಕ್ಕವೇ ಭದ್ರ. ಅಭ್ಯಾಸವನ್ನು ಹೀಗೆ ಅವಧಿಗಳಾಗಿ ಒಡೆದು, ಪ್ರತಿಯೊಂದಕ್ಕೂ ಪ್ರತ್ಯೇಕ ಉದ್ದೇಶ ಕೊಡುವ ಪದ್ಧತಿಗೆ ಸೋವಿಯತ್ ವಿದ್ವಾಂಸ ಲೆವ್ ಮತ್ವೇಯೆವ್ 1960ರ ದಶಕದಲ್ಲಿ ಶಾಸ್ತ್ರೀಯ ರೂಪ ಕೊಟ್ಟರು. ಮೊದಲ ಅವಧಿ ಬುನಾದಿಯದು: ಮಾತನಾಡುತ್ತಲೇ ಓಡಬಹುದಾದಷ್ಟು ನಿಧಾನದ, ಆದರೆ ದೀರ್ಘವಾದ ಅಭ್ಯಾಸ. ಇದರಿಂದ ಸ್ನಾಯುಗಳಲ್ಲಿ ಆಮ್ಲಜನಕವನ್ನು ಬಳಸಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಗಳು ಮತ್ತು ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ, ಆದರೆ ಈ ಬದಲಾವಣೆಗೆ ತಿಂಗಳುಗಳೇ ಬೇಕು. ನಂತರದ ಅವಧಿಯಲ್ಲಿ ಸ್ಪರ್ಧೆಯ ವೇಗ ಬರುತ್ತದೆ. ಜೊತೆಗೆ ಸೈಕಲ್ ಇಳಿದ ಕೂಡಲೇ ಓಡುವ 'ಬ್ರಿಕ್' ಎಂಬ ಅಭ್ಯಾಸವೂ ಬರುತ್ತದೆ, ಏಕೆಂದರೆ ಗಂಟೆಗಟ್ಟಲೆ ಪೆಡಲ್ ತುಳಿದ ಕಾಲು ಓಟದ ಲಯಕ್ಕೆ ಒಗ್ಗಿಕೊಳ್ಳಲು ಮೊದಲ ಒಂದೆರಡು ಕಿಲೋಮೀಟರ್ ತಕರಾರು ಮಾಡುತ್ತದೆ. ಮೂರು ವಾರ ಹೊರೆ ಏರಿಸಿ ನಾಲ್ಕನೆಯ ವಾರ ಇಳಿಸುವುದು ವಾಡಿಕೆ. ದೇಹ ಬಲಗೊಳ್ಳುವುದು ಆ ಬಿಡುವಿನಲ್ಲಿಯೇ ಎಂಬುದನ್ನು ಉತ್ಸಾಹಿ ಸದಸ್ಯರಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಐವತ್ತು ದಾಟಿದವರಿಗೆ ಎರಡು ವಾರಕ್ಕೊಮ್ಮೆಯೇ ಆ ಬಿಡುವು ಕೊಡುವುದು ವಿವೇಕ.

ಪಾಶ್ಚಾತ್ಯ ದೇಶಗಳ ಯೋಜನೆಗಳನ್ನು ಹಾಗೆಯೇ ತಂದು ಬಳಸಿದರೆ ಎಡವುವುದು ಇಲ್ಲಿನ ಋತುಮಾನದಲ್ಲಿ. ಅವುಗಳಲ್ಲಿ ಬುನಾದಿಯ ಅವಧಿ ಚಳಿಗಾಲಕ್ಕೆ ಬೀಳುತ್ತದೆ, ಕಠಿಣ ಅಭ್ಯಾಸ ಬೇಸಿಗೆಗೆ. ಇಲ್ಲಿ ಗೋವಾದ ಮುಂಚಿನ ಅತಿ ಮುಖ್ಯ ವಾರಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿಯೇ ಬರುತ್ತವೆ. ರಸ್ತೆ ಜಾರುವ ಬೆಳಗುಗಳಲ್ಲಿ ಸೈಕಲ್ಲನ್ನು ಟ್ರೈನರ್‌ಗೆ, ಅಂದರೆ ನಿಂತಲ್ಲೇ ತುಳಿಯುವ ಸಾಧನಕ್ಕೆ ಜೋಡಿಸುವ ಏರ್ಪಾಡು ಯೋಜನೆಯಲ್ಲಿ ಮೊದಲೇ ಇರಬೇಕು; ನಂದಿಬೆಟ್ಟದ ಏರುದಾರಿಯ ಅಭ್ಯಾಸವನ್ನು ಮಳೆಗೆ ಮುಂಚೆಯೇ ಮುಗಿಸಿಕೊಳ್ಳಬೇಕು. ಸಮುದ್ರದ ವಿಷಯ ಇನ್ನೂ ಗಂಭೀರವಾದುದು. ಮುಂಗಾರಿನ ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ, ಕೊಳದಲ್ಲಿ ಮಾತ್ರ ಈಜಿದ ಸದಸ್ಯರನ್ನು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿಯೇ ಮಲ್ಪೆಯಂತಹ ಕರಾವಳಿಗೆ ಕರೆದೊಯ್ದು, ಜೀವರಕ್ಷಕರ ಕಣ್ಣಳತೆಯಲ್ಲಿ, ಅಲೆಯ ನಡುವೆ ತಲೆಯೆತ್ತಿ ದಿಕ್ಕು ನೋಡುವುದನ್ನು ಕಲಿಸಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪಿಗೆ ಒಗ್ಗಿದ ದೇಹ ಗೋವಾದ ಆರ್ದ್ರ ಸೆಕೆಯಲ್ಲಿ ಬೇಗ ಬಳಲುತ್ತದೆ. ಸೆಕೆಗೆ ಹೊಂದಿಕೊಳ್ಳಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ, ಕೊನೆಯ ವಾರಗಳ ಕೆಲವು ಓಟಗಳನ್ನು ಮಧ್ಯಾಹ್ನದ ಬಿಸಿಲಿಗೆ ಹಾಕುವ ಪದ್ಧತಿಯುಂಟು.

ಪ್ರತಿಯೊಬ್ಬರ ಗುರಿ ಎಷ್ಟಿರಬೇಕೆಂಬುದನ್ನು ಊಹೆಗೆ ಬಿಡದೆ ಅಳೆದು ನಿಶ್ಚಯಿಸಬೇಕು. ಈಜಿನಲ್ಲಿ ಬಳಕೆಯಲ್ಲಿರುವ ಪರೀಕ್ಷೆ ಸರಳವಾದುದು: ಸದಸ್ಯರು 400 ಮೀಟರನ್ನು, ಸಾಕಷ್ಟು ವಿಶ್ರಾಂತಿಯ ಬಳಿಕ 200 ಮೀಟರನ್ನು, ತಮ್ಮಿಂದಾದಷ್ಟು ವೇಗವಾಗಿ ಈಜುತ್ತಾರೆ, ಎರಡರ ಸಮಯದ ವ್ಯತ್ಯಾಸವನ್ನು ಅರ್ಧ ಮಾಡಿದರೆ ಅವರು ದೀರ್ಘಕಾಲ ನಿಭಾಯಿಸಬಲ್ಲ ನೂರು ಮೀಟರಿನ ವೇಗದ ಅಂದಾಜು ಸಿಗುತ್ತದೆ. 400 ಮೀಟರಿಗೆ 9 ನಿಮಿಷ, 200 ಮೀಟರಿಗೆ 4 ನಿಮಿಷ 15 ಸೆಕೆಂಡು ತೆಗೆದುಕೊಂಡವರ ಪಾಲಿಗೆ ಅದು 2 ನಿಮಿಷ 22 ಸೆಕೆಂಡಿನಷ್ಟಾಗುತ್ತದೆ. ಆ ಲೆಕ್ಕದಲ್ಲಿ ಗೋವಾದ ಈಜು ಸುಮಾರು 45 ನಿಮಿಷದ ಕೆಲಸ. ಈಜಿಗೆ ಇರುವ ಗಡುವು 1 ಗಂಟೆ 10 ನಿಮಿಷವಾದ್ದರಿಂದ ಅಂಥವರು ನೀರಿನ ಭಯ ಬಿಟ್ಟು ಬಿಡುವಿರುವ ಬೆಳಗನ್ನು ಸೈಕಲ್ಲಿಗೆ ಕೊಡಬಹುದು. ಆರೆಂಟು ವಾರಕ್ಕೊಮ್ಮೆ ಈ ಪರೀಕ್ಷೆ ನಡೆದರೆ ಕೊಳದ ಲೇನ್‌ಗಳನ್ನು ವೇಗಕ್ಕೆ ತಕ್ಕಂತೆ ಹಂಚುವುದು ಸುಲಭವಾಗುತ್ತದೆ.

ಒಟ್ಟು 8 ಗಂಟೆ 30 ನಿಮಿಷದ ಗಡುವಿನೊಳಗೆ ಮುಗಿಸುವುದು ಹೊಸಬರಿಗೆ ಸಾಕಷ್ಟು ದೊಡ್ಡ ಗುರಿ. ಅದರ ಮೇಲೆ ತಮ್ಮ ವಯೋವರ್ಗದಲ್ಲಿ ಇಂತಿಷ್ಟನೆಯ ಸ್ಥಾನ ಎಂಬ ಗುರಿ ಹೊರುವುದು ಸರಿಯಲ್ಲ, ಏಕೆಂದರೆ ಸ್ಥಾನ ಬೇರೆಯವರ ಓಟದ ಮೇಲೂ ನಿಂತಿರುತ್ತದೆ. ವಾರಕ್ಕೆ ಎರಡು ದಿನ ತಪ್ಪದೆ ಕೊಳಕ್ಕೆ ಬರುವುದು ಸದಸ್ಯರ ಕೈಯಲ್ಲೇ ಇರುವ ಗುರಿ.

ಸುರಕ್ಷತೆಯನ್ನು ಯೋಜನೆಯ ಕೊನೆಗೆ ತಳ್ಳುವ ಅಭ್ಯಾಸ ಬಹುತೇಕ ಕ್ಲಬ್ಬುಗಳಲ್ಲಿ ಕಾಣುತ್ತದೆ, ಅದು ಬದಲಾಗಲೇಬೇಕು. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳನ್ನು ಪರಿಶೀಲಿಸಿದ ಅಧ್ಯಯನವೊಂದು 135 ಸಾವು ಮತ್ತು ಹೃದಯ ಸ್ತಂಭನಗಳನ್ನು ಗುರುತಿಸಿತು. ಅವುಗಳಲ್ಲಿ 90 ಸಂಭವಿಸಿದ್ದು ಈಜಿನ ಹಂತದಲ್ಲಿ. ಆದ್ದರಿಂದ ನಲವತ್ತು ದಾಟಿದ ಸದಸ್ಯರ ಹೃದಯ ತಪಾಸಣೆಯನ್ನೂ, ಕೆಲವರಿಗಾದರೂ ಹೃದಯ ಪುನಶ್ಚೇತನದ ತರಬೇತಿಯನ್ನೂ ವರ್ಷದ ಮೊದಲ ತಿಂಗಳಿಗೇ ನಿಗದಿಪಡಿಸಬೇಕು.

ಸ್ಪರ್ಧೆಗೆ ಸುಮಾರು ಎರಡು ವಾರವಿರುವಾಗ 'ಟೇಪರ್' ಎಂಬ ಇಳಿಕೆಯ ಅವಧಿ ಆರಂಭವಾಗುತ್ತದೆ: ಅಭ್ಯಾಸದ ಒಟ್ಟು ಪ್ರಮಾಣವನ್ನು ಅರ್ಧದ ಆಸುಪಾಸಿಗೆ ಇಳಿಸಿ, ವೇಗದ ಚುಟುಕು ಅಭ್ಯಾಸಗಳನ್ನು ಹಾಗೆಯೇ ಉಳಿಸಿಕೊಳ್ಳಲಾಗುತ್ತದೆ. ಸ್ಪರ್ಧೆ ಮುಗಿದ ನಂತರದ ಮೂರು ನಾಲ್ಕು ವಾರಗಳು ಯಾವ ವೇಳಾಪಟ್ಟಿಯೂ ಇಲ್ಲದವು. ಇಲ್ಲಿಯೇ ಜನವರಿಯ ಮುಂಬೈ ಮ್ಯಾರಥಾನ್ ಅನೇಕರನ್ನು ಸೆಳೆಯುತ್ತದೆ. ಗೋವಾದಿಂದ ಅಲ್ಲಿಗೆ ಇರುವ ಹತ್ತು ಹನ್ನೆರಡು ವಾರಗಳಲ್ಲಿ ಚೇತರಿಕೆಯನ್ನು ಕಳೆದರೆ 42 ಕಿಲೋಮೀಟರಿನ ಸಿದ್ಧತೆಗೆ ಉಳಿಯುವುದು ಏಳೆಂಟು ವಾರ ಮಾತ್ರ. ಹಲವು ವರ್ಷ ಓಡಿ ಪಳಗಿದವರಿಗೆ ಅಷ್ಟು ಸಾಕಾಗಬಹುದು, ಮೊದಲ ಟ್ರಯಥ್ಲಾನ್ ಮುಗಿಸಿದವರಿಗೆ ಆ ವರ್ಷ ಮುಂಬೈ ಬೇಡ ಎಂದು ಕ್ಲಬ್ ನೇರವಾಗಿ ಹೇಳಬೇಕು.