ಮಂಗಳನ ಮಣ್ಣಿಗೆ ಬೆಂಗಳೂರಿನ ಗಾರೆ

ಓಕಳಿಪುರಂನಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಇಟ್ಟಿಗೆಗಳ ಸಂದಿನಿಂದ ಉದುರುವ ಬಿಳಿ ಗಾರೆಯನ್ನು ಕೈಯಲ್ಲಿ ಹಿಡಿದು ನೋಡಿ. ಮೇಸ್ತ್ರಿ ಕಲಸಿದಾಗ ಅದು ಮೆತ್ತನೆಯ ಸುಣ್ಣ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗಿದೆ: ಕ್ಯಾಲ್ಸಿಯಂ ಕಾರ್ಬೊನೇಟ್.

ಇದೇ ಕಲ್ಲನ್ನು ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯವೂ ಕಟ್ಟುತ್ತದೆ. ಹೆಸರು ಸ್ಪೊರೊಸಾರ್ಸಿನಾ ಪಾಶ್ಚುರಿ. ಅದರ ಕಿಣ್ವ ಯೂರಿಯಾವನ್ನು ಒಡೆದಾಗ ಅಮೋನಿಯ, ಕಾರ್ಬೊನೇಟ್ ಹುಟ್ಟುತ್ತವೆ. ಕ್ಯಾಲ್ಸಿಯಂ ಜೊತೆಗಿದ್ದರೆ ಕಾರ್ಬೊನೇಟ್ ಹರಳುಗಟ್ಟಿ ಮಣ್ಣಿನ ಕಣಗಳನ್ನು ಬೆಸೆಯುತ್ತದೆ.

ಮಲ್ಲೇಶ್ವರದ ಆಚೆ, ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಲೋಕ್ ಕುಮಾರ್, ರಶ್ಮಿ ದೀಕ್ಷಿತ್ ಮತ್ತು ಇಸ್ರೊ ವಿಜ್ಞಾನಿಗಳು ಈ ಜೀವಿಯಿಂದ ಇಟ್ಟಿಗೆ ಮಾಡಿಸಿದ್ದಾರೆ. 2020ರಲ್ಲಿ ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ, 2022ರಲ್ಲಿ ಮಂಗಳನದನ್ನು ಹೋಲುವ ಪುಡಿಯಿಂದ. ಬಲ ಕೊಡಲು ಬೆರೆಸಿದ್ದು ಗೋರಿಕಾಯಿ ಬೀಜದ ಅಂಟು. ಪಲ್ಯಕ್ಕೆ ಹೆಚ್ಚುವ ಅದೇ ಗೋರಿಕಾಯಿ! ಆದರೆ ಮಂಗಳನ ಮಣ್ಣಿನಲ್ಲಿ ಕಬ್ಬಿಣ ಹೆಚ್ಚು. ಮೊದಮೊದಲು ಬ್ಯಾಕ್ಟೀರಿಯ ಅದರಲ್ಲಿ ಬೆಳೆಯಲೇ ಇಲ್ಲ. ನಿಕಲ್ ಕ್ಲೋರೈಡ್ ಸೇರಿಸಿದ ಮೇಲೆ ಚೇತರಿಸಿಕೊಂಡಿತು.

ಇನ್ನೊಂದು ವಿಷ ಉಳಿದಿತ್ತು. 2008ರಲ್ಲಿ ನಾಸಾದ ಫೀನಿಕ್ಸ್ ನೌಕೆ ಮಂಗಳನ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣವನ್ನು ಕಂಡಿತ್ತು. ಅದನ್ನು ತಾಳುವ ತಳಿಯನ್ನು ಈ ತಂಡ ದೂರದ ಬಿಸಿನೀರಿನ ಬುಗ್ಗೆಯಲ್ಲೋ ಹಿಮದಲ್ಲೋ ಹುಡುಕಲಿಲ್ಲ. ಈಚಿನ ಪ್ರಯೋಗಕ್ಕೆ ಒದಗಿದ್ದು ಬೆಂಗಳೂರಿನ ಮಣ್ಣಿನಲ್ಲೇ ಸಿಕ್ಕ ಗಟ್ಟಿ ತಳಿ. ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು.

ವಿಷ ತಗುಲಿದಾಗ ಜೀವಕೋಶಗಳು ನಿಧಾನವಾಗಿ ಬೆಳೆದವು, ದುಂಡಗಾದವು, ಒಂದಕ್ಕೊಂದು ಅಂಟಿಕೊಂಡು ಗುಂಪುಗೂಡಿದವು, ತಮ್ಮ ಸುತ್ತ ಪ್ರೋಟೀನುಗಳನ್ನು ಹೆಚ್ಚಾಗಿ ಸ್ರವಿಸಿದವು. ಒದ್ದಾಟದ ಲಕ್ಷಣಗಳೇ ಇವೆಲ್ಲ. ಹಾಗಿದ್ದೂ ಗೋರಿಕಾಯಿ ಅಂಟು, ನಿಕಲ್ ಜೊತೆಗಿದ್ದಾಗ ಪರ್‌ಕ್ಲೋರೇಟ್ ಬೆರೆತ ಇಟ್ಟಿಗೆ ಇನ್ನಷ್ಟು ಗಟ್ಟಿಯಾಯಿತು! ಆ ಸ್ರಾವವೇ ಕೋಶಗಳಿಗೂ ಹರಳುಗಳಿಗೂ ನಡುವೆ ಪುಟ್ಟ ಸೇತುವೆ ಕಟ್ಟುತ್ತಿರಬಹುದು ಎಂಬುದು ತಂಡದ ಊಹೆ.

ಇಷ್ಟೆಲ್ಲ ನಡೆದಿರುವುದು ನಮ್ಮ ಗಾಳಿಯಲ್ಲಿ, ನಮ್ಮ ಗುರುತ್ವದಲ್ಲಿ. ಮಂಗಳನ ವಾತಾವರಣದ ಒತ್ತಡ ನಮ್ಮದರ ನೂರರಲ್ಲೊಂದು ಪಾಲೂ ಇಲ್ಲ; ಇರುವುದರಲ್ಲಿ ಶೇ. 95 ಇಂಗಾಲದ ಡೈಆಕ್ಸೈಡ್. ಓಕಳಿಪುರದ ಗಾರೆಯನ್ನು ಕಲ್ಲಾಗಿಸಿದ ಅದೇ ಅನಿಲ ಸುತ್ತಲ ಗಾಳಿಯ ಬಹುಪಾಲಾದಾಗ ಬೆಂಗಳೂರಿನ ಬ್ಯಾಕ್ಟೀರಿಯ ಏನು ಮಾಡುತ್ತದೆ? ತಂಡ ಮುಂದೆ ಪರೀಕ್ಷಿಸಲು ಹೊರಟಿರುವುದು ಅದನ್ನೇ.