ಅಡಿಕೆ ತೋಟದ ಮನೆಗೆ ಉಪಗ್ರಹ ಇಂಟರ್‌ನೆಟ್

ಮಲೆನಾಡಿನ ಒಂಟಿ ಮನೆಗಳವರು ಈಚೆಗೆ ಕೇಳುವ ಪ್ರಶ್ನೆ ಇದು: ‘ಟವರ್ ಸಿಗಲ್ಲ, ಫೈಬರ್ ಬರಲ್ಲ. ಉಪಗ್ರಹದಿಂದ ಇಂಟರ್‌ನೆಟ್ ಬರುತ್ತಂತಲ್ಲ, ಹಾಕಿಸಬಹುದಾ?’

ಉತ್ತರಕ್ಕೆ ಮೊದಲು ಒಂದು ಮಾತು. ನಿಮ್ಮ ಊರಿನವರೆಗೆ ಬಿಎಸ್‌ಎನ್‌ಎಲ್‌ದೋ ಕೇಬಲ್‌ನವರದೋ ಫೈಬರ್ ಬಂದಿದ್ದರೆ, ಉಳಿದ ದೂರಕ್ಕೆ ನಾಲ್ಕಾರು ಮನೆಯವರು ಸೇರಿ ಕಂಬ ನೆಟ್ಟಾದರೂ ಅದನ್ನೇ ಎಳೆಸಿಕೊಳ್ಳಿ. ಅದು ಅಗ್ಗ, ವೇಗವೂ ಹೆಚ್ಚು. ಆ ದಾರಿ ಪೂರ್ತಿ ಮುಚ್ಚಿದವರು ಮುಂದೆ ಓದಿ.

ಟಿವಿಯ ಡಿಶ್ ನಿಮಗೆ ಗೊತ್ತೇ ಇದೆ. ಅದು ಉಪಗ್ರಹದ ಸಿಗ್ನಲ್ ಹಿಡಿಯುತ್ತದೆ, ಅಷ್ಟೇ. ಇಂಟರ್‌ನೆಟ್ ಡಿಶ್ ಹಿಡಿಯುವುದರ ಜೊತೆಗೆ ಕಳಿಸುವ ಕೆಲಸವನ್ನೂ ಮಾಡುತ್ತದೆ. ಅಂದರೆ ಅದರಲ್ಲೊಂದು ಟ್ರಾನ್ಸ್‌ಮಿಟರ್, ಸಿಗ್ನಲ್ ಬಿಡುವ ಯಂತ್ರ, ಇದೆ. ಆದ್ದರಿಂದಲೇ ಇದಕ್ಕೆ ಸರ್ಕಾರದ ಲೈಸೆನ್ಸ್ ಇರುವ ಕಂಪನಿಯೇ ಬೇಕು.

ಇದರಲ್ಲಿ ಎರಡು ಬಗೆ. ಮೊದಲನೆಯದು ವಿಸ್ಯಾಟ್. ಬ್ಯಾಂಕುಗಳ ಮತ್ತು ಎಟಿಎಂಗಳ ಮಾಡಿನ ಮೇಲೆ ಕಾಣುವ ಡಿಶ್ ಇದೇ. ಇದರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗದಲ್ಲೇ ಸುತ್ತುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತೆ. ಇಸ್ರೊದ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲೇ ಇದೆ. 2018ರಲ್ಲಿ ಹಾರಿಸಿದ ಜಿಸ್ಯಾಟ್-11 ಮತ್ತು ಜಿಸ್ಯಾಟ್-29 ಬಳಸಿ ಹ್ಯೂಸ್ ಕಮ್ಯುನಿಕೇಷನ್ಸ್ ಇಂಡಿಯಾ 2022ರಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ಶುರುಮಾಡಿತು. ಇದರ ಕೊರತೆ ದೂರವೇ. ನೀವು ಕೇಳಿದ್ದು ಮೇಲೆ ಹೋಗಿ, ಕೆಳಗಿಳಿದು, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುವಾಗ ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ವಾಟ್ಸ್‌ಆ್ಯಪ್‌ಗೆ, ಯೂಟ್ಯೂಬ್‌ಗೆ, ಬ್ಯಾಂಕ್ ಕೆಲಸಕ್ಕೆ ತೊಂದರೆಯಿಲ್ಲ. ವಿಡಿಯೊ ಕಾಲ್‌ನಲ್ಲಿ ಮಾತ್ರ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ.

ಎರಡನೆಯದು ಕೆಳಕಕ್ಷೆಯದು. ಸ್ಟಾರ್‌ಲಿಂಕ್ ಕಂಪನಿಯ ಸೇವೆ ಈ ಬಗೆಯದು. ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಓಡುತ್ತಿರುತ್ತವೆ. ಒಂದು ಉಪಗ್ರಹ ಕೆಲವೇ ನಿಮಿಷದಲ್ಲಿ ನಿಮ್ಮ ಆಕಾಶ ದಾಟಿಹೋಗುತ್ತದೆ, ಡಿಶ್ ಅಷ್ಟರಲ್ಲಿ ಇನ್ನೊಂದನ್ನು ಹಿಡಿದಿರುತ್ತದೆ. ಅದು ಕತ್ತು ತಿರುಗಿಸುವುದಿಲ್ಲ. ಚಪ್ಪಟೆ ಹಲಗೆಯೊಳಗಿನ ನೂರಾರು ಪುಟ್ಟ ಆಂಟೆನಾಗಳು ಒಟ್ಟಾಗಿ ಸಿಗ್ನಲ್‌ನ ದಿಕ್ಕು ಬದಲಿಸುತ್ತವೆ. ಹತ್ತಿರವಾದ್ದರಿಂದ ಇದರಲ್ಲಿ ಮಾತು ತಡವಾಗುವುದಿಲ್ಲ.

‘ಹಾಗಾದರೆ ಎರಡನೆಯದೇ ಒಳ್ಳೆಯದಲ್ಲವೇ?’ ಬಯಲುಸೀಮೆಯಲ್ಲಿ ಹೌದು. ತೋಟದ ಮನೆಗೆ ಹಾಗೆ ಕಣ್ಣುಮುಚ್ಚಿ ಹೇಳಲಾಗದು. ನನ್ನ ಪ್ರಕಾರ ದುಡ್ಡಿಗಿಂತ ಮೊದಲು ಲೆಕ್ಕ ಹಾಕಬೇಕಾದ್ದು ಮರಗಳನ್ನು.

ಜಿಸ್ಯಾಟ್-11 ಪೂರ್ವ ರೇಖಾಂಶ 74 ಡಿಗ್ರಿಯಲ್ಲಿದೆ. ನಮ್ಮ ಮಲೆನಾಡು 75ರ ಆಸುಪಾಸು. ಆದ್ದರಿಂದ ಆ ಉಪಗ್ರಹ ನಮಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ, ತುಸು ದಕ್ಷಿಣಕ್ಕೆ, ನೆಲದಿಂದ ಸುಮಾರು 75 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ದಕ್ಷಿಣದ ಮರವೊಂದು ಡಿಶ್‌ಗಿಂತ 50 ಅಡಿ ಎತ್ತರವಿದೆ ಅನ್ನಿ. ಅದು 14 ಅಡಿಗಿಂತ ಆಚೆ ಇದ್ದರೆ ಅಡ್ಡ ಬರುವುದಿಲ್ಲ. (ಡಿಶ್‌ನ ತಟ್ಟೆ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ. ಅದರ ಆಕಾರವೇ ಹಾಗೆ. ಕಂಡದ್ದನ್ನು ನಂಬಿ ಯಾರೂ ತಿರುಗಿಸಬೇಡಿ.) ಸ್ಟಾರ್‌ಲಿಂಕ್‌ನ ಸಾಮಾನ್ಯ ಡಿಶ್‌ಗೆ ಸುಮಾರು 110 ಡಿಗ್ರಿ ಅಗಲದ ಆಕಾಶ ಬೇಕು. ಅದೇ 50 ಅಡಿ ಮರ 70 ಅಡಿ ದೂರದಲ್ಲಿರಬೇಕಾಗುತ್ತದೆ, ಅದೂ ಸುತ್ತಲೂ. ವಿಸ್ಯಾಟ್‌ಗೆ ಹೆಂಚಿನ ಮಾಡಿನ ಬೆಳಕಿಂಡಿಯಷ್ಟು ಆಕಾಶ ಸಾಕು, ಸ್ಟಾರ್‌ಲಿಂಕ್‌ಗೆ ಇಡೀ ಅಂಗಳದ ಆಕಾಶ ಬೇಕು.

ಮರವೊಂದು ಅಡ್ಡವಿದ್ದರೆ ಕೆಳಕಕ್ಷೆಯ ಇಂಟರ್‌ನೆಟ್ ಪೂರ್ತಿ ನಿಲ್ಲುವುದಿಲ್ಲ. ಉಪಗ್ರಹ ಮರದ ಹಿಂದೆ ಹೋದಾಗಲೆಲ್ಲ ಕೆಲವು ಸೆಕೆಂಡು ಕಡಿಯುತ್ತದೆ. ಸಿನಿಮಾ ನೋಡುವವರಿಗೆ ಅದು ಗೊತ್ತೇ ಆಗದು, ಮನೆಯಿಂದ ಆಫೀಸ್ ಕೆಲಸ ಮಾಡುವ ಮಗಳಿಗೆ ಮಾತ್ರ ಮೀಟಿಂಗ್ ಮಧ್ಯದಲ್ಲಿ ಸಿಟ್ಟು ಬರುತ್ತದೆ. ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಫೋನಿನ ಕ್ಯಾಮೆರಾವನ್ನು ಆಕಾಶಕ್ಕೆ ಹಿಡಿದು ಅಡ್ಡಿ ಎಷ್ಟಿದೆ ಎಂದು ನೋಡುವ ಸೌಲಭ್ಯವಿದೆ. ಡಿಶ್ ಇಡಬೇಕೆಂದಿರುವ ಜಾಗದಲ್ಲೇ, ಅದೇ ಎತ್ತರದಲ್ಲಿ ನಿಂತು ನೋಡಿ. ಅಂಗಳದಲ್ಲಿ ನಿಂತು ನೋಡಿಕೊಂಡು ಡಿಶ್ ಅನ್ನು ಮಾಡಿನ ಮೇಲಿಟ್ಟರೆ ಲೆಕ್ಕ ಬೇರೆಯಾಗುತ್ತದೆ.

ಇನ್ನು ಕೂರಿಸುವ ಕೆಲಸ. ಹೆಂಚಿನ ಮಾಡಿಗೆ ಮೊಳೆ ಹೊಡೆಯಬೇಡಿ. ಆರ್‌ಸಿಸಿ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಅಂಗಳದ ಮೂಲೆಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿದ ಜಿಐ ಪೈಪ್ ಮೇಲೆ ಕೂರಿಸಿ. ಪೈಪ್ ನೆಟ್ಟಗಿರಬೇಕು, ಗಾಳಿಗೆ ಅಲ್ಲಾಡಬಾರದು. ಸ್ಟಾರ್‌ಲಿಂಕ್ ಕಿಟ್‌ನ ಜೊತೆ ಬರುವ ಕೇಬಲ್ ಸಾಮಾನ್ಯವಾಗಿ 15 ಮೀಟರ್. ಜಾಗ ನಿಗದಿ ಮಾಡುವ ಮೊದಲು ಒಂದು ಹಗ್ಗ ಹಿಡಿದು, ಕೇಬಲ್ ಹೋಗುವ ದಾರಿಯಲ್ಲೇ ಅಳೆಯಿರಿ.

ಕೇಬಲ್ ಗೋಡೆಯೊಳಗೆ ಬರುವ ಮುಂಚೆ ತುಸು ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬೇಕು. ಆಗ ಅದರ ಗುಂಟ ಹರಿದ ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಮನೆಯೊಳಗೆ ಬರುವುದಿಲ್ಲ. ಗೋಡೆಯ ತೂತು ಹೊರಗಡೆಗೆ ಇಳಿಜಾರಾಗಿರಲಿ. ವಿಸ್ಯಾಟ್‌ನಲ್ಲಿ ಹೊರಗಿರುವ ಜೋಡಣೆಗಳಿಗೆಲ್ಲ ನೀರು ಹೋಗದ ರಬ್ಬರ್ ಟೇಪ್ ಸುತ್ತಿಸಿ. ಪೈಪ್‌ಗೆ ಅರ್ಥಿಂಗ್ ಮಾಡಿಸಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕೀಳಿ, ರೂಟರ್‌ಗೆ ಬರುವ ಕೇಬಲನ್ನೂ ಕೀಳಿ. ಅರ್ಥಿಂಗ್ ಇದೆಯೆಂಬ ಧೈರ್ಯದಲ್ಲಿ ಇದನ್ನು ಬಿಡಬೇಡಿ. ಮಂಗಗಳ ಕಾಟವಿದ್ದರೆ ಕೇಬಲನ್ನು ಪಿವಿಸಿ ಪೈಪಿನೊಳಗೆ ತನ್ನಿ.

ಸ್ಟಾರ್‌ಲಿಂಕ್ ಬಗೆಯದನ್ನು ಮನೆಯವರೇ ಕೂರಿಸಬಹುದು, ಆ್ಯಪ್ ದಿಕ್ಕು ತೋರಿಸುತ್ತದೆ. ವಿಸ್ಯಾಟನ್ನು ಕಂಪನಿಯ ಎಂಜಿನಿಯರ್ ಬಂದೇ ಕೂರಿಸಬೇಕು. ಒಂದೆರಡು ಡಿಗ್ರಿ ತಪ್ಪಿದರೂ ನಿಮ್ಮ ಸಿಗ್ನಲ್ ಹೋಗುವುದಷ್ಟೇ ಅಲ್ಲ, ಪಕ್ಕದ ಉಪಗ್ರಹಕ್ಕೂ ತೊಂದರೆಯಾಗಬಹುದು.

ಮೊದಲ ಸಲ ಸ್ವಿಚ್ ಹಾಕಿದಾಗ ಅವಸರ ಬೇಡ. ಉಪಗ್ರಹ ಹುಡುಕಿ, ಸಾಫ್ಟ್‌ವೇರ್ ಇಳಿಸಿಕೊಂಡು ಅದು ಸಜ್ಜಾಗಲು 15–20 ನಿಮಿಷ ಬೇಕಾಗುತ್ತದೆ. ಬರಲಿಲ್ಲವೆಂದು ನಡುವೆ ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಮೊದಲಿನಿಂದ ಶುರು.

‘ನಡೆಯುತ್ತಿದ್ದದ್ದು ನಿಂತುಹೋಯಿತು, ಈಗೇನು?’ ಆಕಾಶ ನೋಡುವ ಮೊದಲು ಮನೆಯೊಳಗೆ ನೋಡಿ. ಫೋನ್ ಹಿಡಿದು ರೂಟರ್ ಪಕ್ಕ ಹೋಗಿ ನಿಲ್ಲಿ. ಅಲ್ಲಿ ಚೆನ್ನಾಗಿ ಬಂದು ಒಳಕೋಣೆಯಲ್ಲಿ ಬರದಿದ್ದರೆ ತೊಂದರೆ ಉಪಗ್ರಹದ್ದಲ್ಲ, ವೈಫೈದು. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ವೈಫೈಯನ್ನು ನುಂಗಿಬಿಡುತ್ತವೆ. ರೂಟರನ್ನು ನಡುಮನೆಗೆ ತನ್ನಿ, ಇಲ್ಲವೇ ಇನ್ನೊಂದು ರೂಟರ್ ಜೋಡಿಸಿ.

ರೂಟರ್ ಪಕ್ಕದಲ್ಲೂ ಬರದಿದ್ದರೆ ಕೇಬಲ್‌ನ ಎರಡೂ ತುದಿ ಕಿತ್ತು, ಒಣಗಿದೆಯೇ ನೋಡಿ, ಗಟ್ಟಿಯಾಗಿ ಒತ್ತಿ ಕೂರಿಸಿ. ಅರ್ಧ ಕೂತ ತುದಿಯೇ ಎಷ್ಟೋ ಸಲ ಕಾರಣ. ಆಮೇಲೆ ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ, ಕಾಯಿರಿ. ಫ್ಯಾಕ್ಟರಿ ರೀಸೆಟ್, ಅಂದರೆ ಎಲ್ಲ ಅಳಿಸಿ ಹೊಸದರಂತೆ ಮಾಡುವುದು, ಕೊನೆಯ ಉಪಾಯ. ಅದನ್ನು ಮಾಡಿದರೆ ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಎಲ್ಲವೂ ಹೋಗುತ್ತವೆ.

ಮಳೆಯದೊಂದು ಗುಟ್ಟಿದೆ. ಈ ಸಿಗ್ನಲ್‌ಗಳನ್ನು ದಪ್ಪ ಹನಿಯ ಮಳೆ ಹೀರಿಕೊಳ್ಳುತ್ತದೆ. ಜಡಿಮಳೆ ಹೊಯ್ಯುವಾಗ ಸ್ವಲ್ಪ ಹೊತ್ತು ಹೋಗಿ ತಾನೇ ಬಂದರೆ ಅದು ಸಹಜ, ಯಾರಿಗೂ ಫೋನ್ ಮಾಡಬೇಕಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೂ ಬರದಿದ್ದರೆ ಮಳೆಯನ್ನು ಬೈಯಬೇಡಿ. ಜೋಡಣೆಯೊಳಗೆ ನೀರು ಹೋಗಿರಬೇಕು, ಇಲ್ಲವೇ ಗಾಳಿಗೆ ಡಿಶ್ ಸರಿದಿರಬೇಕು. ಪ್ರತಿದಿನ ಸಂಜೆ ಮಾತ್ರ ನಿಧಾನವಾದರೆ ಒಂದೇ ಹೊತ್ತಿಗೆ ಬಳಸುವವರು ಹೆಚ್ಚಾಗಿದ್ದಾರೆ ಎಂದರ್ಥ, ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಹೊಸದರಲ್ಲಿ ಸರಿಯಿದ್ದು ವರ್ಷ ಕಳೆದಂತೆ ಕಡಿಯತೊಡಗಿದರೆ ತಲೆಯೆತ್ತಿ ನೋಡಿ, ಸಿಲ್ವರ್ ಮರ ಬೆಳೆದಿರುತ್ತದೆ.

ಖರ್ಚಿನಲ್ಲಿ ಜನ ಮರೆಯುವುದು ಕರೆಂಟನ್ನು. ಸ್ಟಾರ್‌ಲಿಂಕ್‌ನ ಸಾಮಾನ್ಯ ಡಿಶ್ 75ರಿಂದ 100 ವ್ಯಾಟ್ ತಿನ್ನುತ್ತದೆ. ಹಗಲೂ ರಾತ್ರಿ ಹಾಕಿಟ್ಟರೆ ತಿಂಗಳಿಗೆ 54ರಿಂದ 72 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಹಳೆಯ ಸರಾಸರಿಯ ಮೇಲೆ ನಿಗದಿಯಾದ ಮಿತಿ ಇದರಿಂದ ದಾಟಬಹುದು, ಆಗ ಬಿಲ್ ಬರುತ್ತದೆ. ರಾತ್ರಿ ಮಲಗುವಾಗ ಆರಿಸಿ. 150 ಎಎಚ್ ಬ್ಯಾಟರಿಯ ಇನ್ವರ್ಟರ್, ಬ್ಯಾಟರಿ ಹೊಸದಿದ್ದು ಬೇರೇನೂ ಉರಿಸದಿದ್ದರೆ, ಇದನ್ನು ಏಳೆಂಟು ಗಂಟೆ ನಡೆಸೀತು.

ಉಪಕರಣದ ಬೆಲೆಯ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದಲ್ಲಿ 2020ರಲ್ಲಿ ಸ್ಟಾರ್‌ಲಿಂಕ್ ಶುರುವಾದಾಗ ಕಿಟ್‌ಗೆ 499 ಡಾಲರ್, ತಿಂಗಳಿಗೆ 99 ಡಾಲರ್ ಇತ್ತು. ಭಾರತದ ಬೆಲೆಯೆಂದು 2025ರ ಡಿಸೆಂಬರ್‌ನಲ್ಲಿ ಹರಿದಾಡಿದ್ದು ಕಿಟ್‌ಗೆ 34,000, ತಿಂಗಳಿಗೆ 8,600 ರೂಪಾಯಿ. ಅದು ಪರೀಕ್ಷೆಗೆಂದು ಹಾಕಿದ ಅಂಕಿ, ನಿಜವಾದ ದರವಲ್ಲ ಎಂದು ಕಂಪನಿಯೇ ಹೇಳಿತು. ಆ ಅಂಕಿ ತೋರಿಸಿ ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ. ವಿಸ್ಯಾಟ್‌ನ ಬಾಡಿಗೆ ಡೇಟಾ ಮಿತಿಗೆ ತಕ್ಕಂತೆ ಇರುತ್ತದೆ. ಮಿತಿ ಮುಗಿದ ಮೇಲೆ ನಿಲ್ಲುತ್ತದೆಯೋ, ನಿಧಾನವಾಗುತ್ತದೆಯೋ ಎಂದು ಮೊದಲೇ ಕೇಳಿಕೊಳ್ಳಿ.

ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಅದಕ್ಕೆ ಮೊದಲೇ, ಮಾರ್ಚ್‌ನಲ್ಲಿ, ಏರ್‌ಟೆಲ್ ಮತ್ತು ಜಿಯೊ ಎರಡೂ ಅದರೊಡನೆ ಒಪ್ಪಂದ ಮಾಡಿಕೊಂಡಿದ್ದವು. ಹಾಗಾಗಿ ಸೇವೆ ಸಿಗುತ್ತಿದೆಯೇ ಎಂದು ನಿಮ್ಮ ಪೇಟೆಯ ಅವರ ಅಂಗಡಿಯಲ್ಲೇ ಮೊದಲು ವಿಚಾರಿಸಿ. ವಿಸ್ಯಾಟ್ ಬೇಕಿದ್ದರೆ ಹ್ಯೂಸ್, ನೆಲ್ಕೊದಂಥ ಲೈಸೆನ್ಸ್ ಇರುವ ಕಂಪನಿಗಳನ್ನು ನೇರ ಕೇಳಿ. ಅವರ ಗಿರಾಕಿಗಳು ಹೆಚ್ಚಾಗಿ ಬ್ಯಾಂಕು, ಕಂಪನಿಗಳು. ಎಸ್ಟೇಟ್ ಅಥವಾ ಹೋಂಸ್ಟೇ ಹೆಸರಿನಲ್ಲಿ ಕೇಳಿದರೆ ಮಾತು ಬೇಗ ಮುಂದುವರಿಯಬಹುದು.

‘ದುಬೈಯಲ್ಲಿರುವ ಭಾವ ಒಂದು ಕಿಟ್ ತಂದುಕೊಡುತ್ತೇನೆ ಅಂದಿದ್ದಾರೆ’ ಎನ್ನುವವರಿಗೆ: ಬೇಡ ಅನ್ನಿ. ಹೊರಗಿನ ಖಾತೆಯ ಕಿಟ್ ಇಲ್ಲಿ ನಡೆಯುತ್ತದೆಂಬ ಖಾತ್ರಿಯಿಲ್ಲ. ಅನುಮತಿಯಿಲ್ಲದ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳುವುದು ಕಾನೂನಿಗೂ ವಿರುದ್ಧ. 2024ರ ಡಿಸೆಂಬರ್‌ನಲ್ಲಿ ಮಣಿಪುರದಲ್ಲಿ ಶಸ್ತ್ರಾಸ್ತ್ರಗಳ ಜೊತೆ ಇಂಥದೊಂದು ಉಪಕರಣ ಸಿಕ್ಕ ಮೇಲಂತೂ ಪೊಲೀಸರು ಇದನ್ನು ಹಗುರವಾಗಿ ನೋಡುವುದಿಲ್ಲ. ಇಲ್ಲಿಯ ಬಿಲ್, ಇಲ್ಲಿಯ ಕೆವೈಸಿ ಇದ್ದರೆ ಮಾತ್ರ ದುಡ್ಡು ಕೊಡಿ. ಕೊಡುವ ಮುನ್ನ ಇನ್ನೂ ಒಂದು ಕೇಳಿ: ಜುಲೈ ತಿಂಗಳಲ್ಲಿ ಕೆಟ್ಟರೆ ರಿಪೇರಿಯವರು ಯಾವ ಊರಿನಿಂದ ಬರುತ್ತಾರೆ, ಎಷ್ಟು ದಿನದಲ್ಲಿ ಬರುತ್ತಾರೆ?